ಮಾತು ಕಡಿಮೆಯಿದ್ದ ಗೃಹಸ್ಥರೊಬ್ಬರ ರೈಲು ಕೋಣೆ: ಒಂದು ಪ್ರಕರಣ ಅಧ್ಯಯನ

ಮಾದರಿ ರೈಲುಗಳ ಹವ್ಯಾಸಿಯೊಬ್ಬರು ತೀರಿಕೊಂಡಾಗ ಅವರ ಮನೆಯವರ ಮುಂದೆ ಎರಡು ಕೆಲಸಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಹೋದವರನ್ನು ಹೇಗೆ ನೆನೆಯಬೇಕೆಂಬುದು ಒಂದು. ಅವರು ವರ್ಷಗಟ್ಟಲೆ ಕೂತು ಕಟ್ಟಿದ ಹಳಿ, ಎಂಜಿನ್, ಬೋಗಿ, ತಂತಿಗಳ ಆ ದೊಡ್ಡ ರಚನೆಯನ್ನು ಏನು ಮಾಡಬೇಕೆಂಬುದು ಇನ್ನೊಂದು. ಇವೆರಡಕ್ಕೂ ಸಂಬಂಧವಿಲ್ಲವೆಂದು ಭಾವಿಸಿ, ಮೊದಲನೆಯದನ್ನು ಸ್ಮರಣೆಯ ಸಭೆಯೊಂದರಲ್ಲಿ ಮುಗಿಸಿ, ಎರಡನೆಯದನ್ನು ವ್ಯಾಪಾರಿಯ ಕೈಗೆ ಒಪ್ಪಿಸುವುದೇ ಹೆಚ್ಚು. ಇಲ್ಲಿ ವಿವರಿಸಿರುವ ಕುಟುಂಬವೂ ಅದೇ ದಾರಿ ಹಿಡಿದಿತ್ತು. ಆದರೆ ಒಂದು ಹಂತದಲ್ಲಿ ತಡೆದು ನಿಂತು, ಕೆಲಸಗಳ ಅನುಕ್ರಮವನ್ನೇ ಬದಲಿಸಿತು. ಆ ಬದಲಾವಣೆಯಿಂದ ಏನಾಯಿತು ಎಂಬುದೇ ಈ ಬರಹದ ವಿಷಯ.

ಹವ್ಯಾಸದ ಪರಿಚಯ ಇರುವವನೆಂಬ ಕಾರಣಕ್ಕೆ ನನ್ನನ್ನು ಆ ಮನೆಗೆ ಕರೆಸಿಕೊಂಡಿದ್ದರು. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಹೆಸರು, ಊರು, ಉದ್ಯೋಗ ಯಾವುದನ್ನೂ ಕೊಟ್ಟಿಲ್ಲ. ಗುರುತು ಸಿಗಬಹುದಾದ ಕೆಲವು ಕೌಟುಂಬಿಕ ವಿವರಗಳನ್ನು ಬದಲಿಸಿದ್ದೇನೆ. ರೈಲು ಕೋಣೆಯ ತಾಂತ್ರಿಕ ವಿವರಗಳು ಮಾತ್ರ ಇದ್ದಂತೆಯೇ ಇವೆ, ಏಕೆಂದರೆ ಈ ಪ್ರಕರಣದ ತಿರುವುಗಳೆಲ್ಲ ಅವುಗಳಲ್ಲಿಯೇ ಅಡಗಿವೆ.

ಹಿನ್ನೆಲೆ

ಆ ಗೃಹಸ್ಥರು ಎಪ್ಪತ್ತು ದಾಟಿದ ಮೇಲೆ ಅಲ್ಪಕಾಲದ ಅನಾರೋಗ್ಯದಿಂದ ತೀರಿಕೊಂಡರು. ಪತ್ನಿ, ಒಬ್ಬ ಮಗ, ಒಬ್ಬ ಮಗಳು ಅವರ ಸಂಸಾರ. ಮಕ್ಕಳಿಬ್ಬರೂ ಬೇರೆ ಊರುಗಳಲ್ಲಿ ನೆಲೆಸಿ ಬಹಳ ಕಾಲವಾಗಿತ್ತು. ಆ ಗೃಹಸ್ಥರು ಜಗಳವಾಡಿದವರಲ್ಲ, ಉಪದೇಶ ಮಾಡಿದವರಲ್ಲ, ತಮ್ಮ ಬಗ್ಗೆ ಹೇಳಿಕೊಂಡವರೂ ಅಲ್ಲ. ಕೆಲಸದಿಂದ ಬಂದು, ಊಟ ಮುಗಿಸಿ, ರೈಲು ಕೋಣೆಗೆ ಹೋಗುವುದು ಮದುವೆಯಾದ ಕೆಲವೇ ವರ್ಷಗಳಿಂದ ಕೊನೆಯವರೆಗೂ ನಡೆದುಬಂದ ದಿನಚರಿಯಾಗಿತ್ತು.

ಅವರು ಆರಿಸಿಕೊಂಡಿದ್ದು ಎಚ್‌ಒ ಅಳತೆ. ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. 23 ಮೀಟರ್ ಉದ್ದದ ಬೋಗಿಯೊಂದು ಈ ಅಳತೆಯಲ್ಲಿ ಸುಮಾರು 26 ಸೆಂಟಿಮೀಟರ್ ಆಗುತ್ತದೆ. ಕೋಣೆಯಲ್ಲಿದ್ದ ಲೇಔಟ್, ಅಂದರೆ ಹಲಗೆಗಳ ಮೇಲೆ ಕಟ್ಟಿದ ಇಡೀ ರೈಲು ರಚನೆ, ಎರಡು ಮಟ್ಟದ್ದು. ಕೆಳಭಾಗ ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿತ್ತು, ಮೇಲಿನದು 115 ಸೆಂಟಿಮೀಟರ್ ಎತ್ತರದಲ್ಲಿ. ಇವೆರಡನ್ನೂ ಕೋಣೆಯ ಮೂಲೆಯಲ್ಲಿ ಸುರುಳಿಯಾಗಿ ಏರುವ ಹಳಿಯೊಂದು ಜೋಡಿಸಿತ್ತು. ನೂರಕ್ಕೆ ಎರಡೂವರೆಯ ಏರಿನಲ್ಲಿ 40 ಸೆಂಟಿಮೀಟರ್ ಮೇಲೆ ಹತ್ತಲು 16 ಮೀಟರ್ ಹಳಿ ಬೇಕು. 60 ಸೆಂಟಿಮೀಟರ್ ತ್ರಿಜ್ಯದಲ್ಲಿ ಅದು ನಾಲ್ಕು ಸುತ್ತುಗಳಿಗಿಂತ ತುಸು ಹೆಚ್ಚು. ಸುತ್ತಿನಿಂದ ಸುತ್ತಿಗೆ ಅಂತರ ಕೆಡದಂತೆ ಇಂಥ ಸುರುಳಿಯನ್ನು ಕಟ್ಟುವುದು ಈ ಹವ್ಯಾಸದ ಅತ್ಯಂತ ಬೇಸರದ ಮತ್ತು ನಿಖರತೆ ಬೇಡುವ ಕೆಲಸಗಳಲ್ಲಿ ಒಂದು. ಕೆಳಭಾಗವನ್ನು ಬಿಚ್ಚಿ ಎತ್ತರದಲ್ಲಿ ಮತ್ತೆ ಕಟ್ಟಿದ್ದರೆ ಅದರ ಅಗತ್ಯವೇ ಇರಲಿಲ್ಲ. ಅವರು ಯಾಕೆ ಹಾಗೆ ಮಾಡಲಿಲ್ಲ ಎಂಬ ಪ್ರಶ್ನೆ ಮನೆಯವರಿಗೆ ಯಾವತ್ತೂ ಹೊಳೆದಿರಲಿಲ್ಲ.

ಸಮಸ್ಯೆ

ತಾಯಿ ಮಗನ ಮನೆಗೆ ಹೋಗಿ ಇರುವುದೆಂದು ತೀರ್ಮಾನವಾಗಿದ್ದರಿಂದ ಕೋಣೆಯನ್ನು ಖಾಲಿ ಮಾಡಲೇಬೇಕಿತ್ತು. ಮೊದಲ ವರ್ಷದ ಸ್ಮರಣೆಗೆ ನಾಲ್ಕಾರು ಪುಟಗಳ ಕಿರುಪುಸ್ತಿಕೆಯೊಂದನ್ನು ತರಬೇಕೆಂಬುದು ಮಗಳ ಆಸೆ. ಅದಕ್ಕಾಗಿ ಬಂಧುಗಳಿಂದ, ಹಳೆಯ ಸಹೋದ್ಯೋಗಿಗಳಿಂದ ಬರಹಗಳನ್ನು ತರಿಸಿಕೊಂಡಿದ್ದಳು. ಬಂದ ಎಲ್ಲ ಬರಹಗಳಲ್ಲೂ ಹೆಚ್ಚುಕಡಿಮೆ ಅದೇ ಮಾತು: ಶಾಂತ ಸ್ವಭಾವದವರು, ಯಾರಿಗೂ ನೋವು ಕೊಟ್ಟವರಲ್ಲ, ಸಂಸಾರ ಬಿಟ್ಟರೆ ರೈಲೇ ಅವರ ಪ್ರಾಣ. ಇವು ಸುಳ್ಳಲ್ಲ. ಆದರೆ ಇವನ್ನು ಓದಿ ಮುಗಿಸಿದ ಮೇಲೆ, “ಇದರಲ್ಲಿ ಅಪ್ಪ ಎಲ್ಲಿದ್ದಾರೆ? ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತದೆ” ಎಂದು ಮಗಳು ಕೇಳಿದ ಪ್ರಶ್ನೆಗೆ ಯಾರಲ್ಲೂ ಉತ್ತರ ಇರಲಿಲ್ಲ. ಮಾತಾಡದೆ ಬದುಕಿದವರನ್ನು ಮಾತಿನಲ್ಲಿ ಹಿಡಿಯುವುದು ಹೇಗೆಂಬ ಕಷ್ಟ ಇದು.

ಮೂವರ ನಿಲುವೂ ಬೇರೆಬೇರೆಯಾಗಿತ್ತು. ಎಲ್ಲವನ್ನೂ ಒಟ್ಟಿಗೆ ಮಾರಿ ತಾಯಿಯ ಸ್ಥಳಾಂತರವನ್ನು ಬೇಗ ಮುಗಿಸಬೇಕೆಂದು ಮಗನಿಗಿತ್ತು. ಅದರಲ್ಲಿ ನಿರ್ದಯತೆ ಏನೂ ಇರಲಿಲ್ಲ, ತಾಯಿ ಒಬ್ಬರೇ ಇರುವುದರ ಚಿಂತೆ ಅವನದು. ಲೇಔಟನ್ನು ಇಡಿಯಾಗಿ ಉಳಿಸಬೇಕೆಂದು ಮಗಳು ಬಯಸುತ್ತಿದ್ದಳು, ಆದರೆ ಅದನ್ನು ಇಡಲು ಅವಳ ಮನೆಯಲ್ಲಿ ಜಾಗವಿರಲಿಲ್ಲ. ತಾಯಿ ಏನೂ ಹೇಳುತ್ತಿರಲಿಲ್ಲ. ಆ ಮೌನದ ಹಿಂದೆ ದುಃಖದ ಜೊತೆಗೆ ಅಸಮಾಧಾನವೂ ಇದ್ದುದು ನಮಗೆ ಆಮೇಲೆ ತಿಳಿಯಿತು: ಸಂಜೆಗಳನ್ನೆಲ್ಲ ಆ ಕೋಣೆ ಕಿತ್ತುಕೊಂಡಿತೆಂಬ ಭಾವನೆ ಅವರಲ್ಲಿ ಬಹಳ ಹಳೆಯದು.

ಮೊದಲ ಪ್ರಯತ್ನಗಳು

ಮಗ ಮೊದಲು ಹಳೆಯ ಮಾದರಿ ರೈಲುಗಳನ್ನು ಕೊಳ್ಳುವ ವ್ಯಾಪಾರಿಯೊಬ್ಬರನ್ನು ಕರೆಸಿದ. ಅವರು ತಮ್ಮ ವೃತ್ತಿಗೆ ತಕ್ಕಂತೆ ನೇರವಾಗಿಯೇ ನಡೆದುಕೊಂಡರು. ಮೂಲ ಪೆಟ್ಟಿಗೆ ಸಮೇತ ಇರುವ ಎಂಜಿನ್‌ಗಳಿಗೆ ಬೆಲೆಯಿದೆ, ಪೆಟ್ಟಿಗೆ ಇಲ್ಲದವಕ್ಕೆ ಕಡಿಮೆ, ಬೆಟ್ಟ ಸುರಂಗಗಳಿರುವ ಲೇಔಟಿಗೆ ಏನೂ ಇಲ್ಲ ಎಂದರು. ಇದು ಮಾರುಕಟ್ಟೆಯ ನಿಜ. ಜಲ್ಲಿಯ ಸಮೇತ ಅಂಟು ಹಾಕಿ ಕೂರಿಸಿದ ಹಳಿಯನ್ನು ಕೆಡಿಸದೆ ಕೀಳುವುದು ಕಷ್ಟ. ಒಂದು ಕೋಣೆಯ ಅಳತೆಗೆಂದು ಕಟ್ಟಿದ ಭೂದೃಶ್ಯ ಇನ್ನೊಂದು ಕೋಣೆಗೆ ಹೊಂದುವುದಿಲ್ಲ. ಹೋಗುವ ಮೊದಲು ಅವರು ಕೇಳಿದ ಪ್ರಶ್ನೆ ಒಂದೇ: ಇವೆಲ್ಲ ಓಡುತ್ತವೆಯೇ?

ಅದನ್ನು ಪರೀಕ್ಷಿಸಲು ಹೋಗಿ ಮಗ ತೊಡಕಿಗೆ ಸಿಕ್ಕಿಕೊಂಡ. ಕೆಳಭಾಗದ ಹಳಿಯ ಮೇಲಿಟ್ಟ ಹಳೆಯ ಎಂಜಿನ್ ಕದಲಲಿಲ್ಲ, ನಿಂತಲ್ಲೇ ಗುಂಯ್‌ಗುಟ್ಟಿತು. ಮೇಲ್ಭಾಗದಲ್ಲಿ ರೈಲು ಸ್ವಲ್ಪ ದೂರ ಹೋಗಿ, ಒಂದು ತಿರುವಿನ ಬಳಿ ಇಡೀ ವ್ಯವಸ್ಥೆಯ ವಿದ್ಯುತ್ತೇ ಕಡಿದುಹೋಯಿತು. ಎಲ್ಲ ಹಾಳಾಗಿದೆ, ಬಂದಷ್ಟಕ್ಕೆ ಕೊಟ್ಟುಬಿಡೋಣ ಎಂದು ಅವನು ತೀರ್ಮಾನಿಸಿದ್ದ. ಅಷ್ಟರಲ್ಲಿ, ಅಲ್ಲಿಯವರೆಗೂ ಸುಮ್ಮನಿದ್ದ ತಾಯಿ, “ಅವರು ಹೋಗುವ ಹಿಂದಿನ ವಾರವೂ ಓಡುತ್ತಿತ್ತು. ಒಂದು ಸಲ ಓಡಿಸಿ ನೋಡದೆ ಯಾವುದನ್ನೂ ಕೊಡಬೇಡಿ” ಎಂದರು. ಈ ಪ್ರಕರಣದ ಮೊದಲ ತಿರುವು ಅದು. ಭಾವುಕತೆಯ ಮಾತಾಗಿರಲಿಲ್ಲ ಅದು. ಕಣ್ಣಾರೆ ಕಂಡ ಒಂದು ಸಂಗತಿಯನ್ನು ಅವರು ಮಗನ ತೀರ್ಮಾನದ ಎದುರಿಗಿಟ್ಟಿದ್ದರು.

ಲೇಔಟನ್ನು ಓದಿದ್ದು

ನನ್ನನ್ನು ಕರೆಸಿದ್ದು ಈ ಹಂತದಲ್ಲಿ. ಎರಡೂ ತೊಂದರೆಗಳಿಗೆ ಕಾರಣ ದೊಡ್ಡದೇನಲ್ಲ, ಆದರೆ ಕಾರಣ ತಿಳಿಯದವರಿಗೆ ಅವು ಕೆಟ್ಟುಹೋದ ಯಂತ್ರದಂತೆಯೇ ಕಾಣುತ್ತವೆ. ಹಾಗಾಗಿ ಸ್ವಲ್ಪ ವಿವರಿಸುತ್ತೇನೆ.

ಹಳೆಯ ಅನಲಾಗ್ ಪದ್ಧತಿಯಲ್ಲಿ ಹಳಿಗೆ ಹರಿಸುವ ನೇರ ವಿದ್ಯುತ್ತಿನ ವೋಲ್ಟೇಜನ್ನು ಸೊನ್ನೆಯಿಂದ 12ರವರೆಗೆ ಏರಿಳಿಸಿ ವೇಗವನ್ನು ನಿಯಂತ್ರಿಸುತ್ತಾರೆ. ಆ ಹಳಿಯ ಮೇಲಿರುವ ಎಂಜಿನ್‌ಗಳೆಲ್ಲ ಒಟ್ಟಿಗೇ ಓಡುತ್ತವೆ. ಡಿಜಿಟಲ್ ಪದ್ಧತಿಯಲ್ಲಿ ಹಳಿಯ ವೋಲ್ಟೇಜ್ ಬದಲಾಗುವುದಿಲ್ಲ. ಪ್ರತಿ ಎಂಜಿನ್‌ನ ಒಳಗಿರುವ ಡಿಕೋಡರ್ ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ಜರ್ಮನಿಯ ಲೆನ್ಜ್ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘವು 1990ರ ದಶಕದಲ್ಲಿ ಇದಕ್ಕೆ ಮಾನದಂಡ ರೂಪಿಸಿದ ಮೇಲೆ ಈ ಪದ್ಧತಿ ಎಲ್ಲೆಡೆ ಹಬ್ಬಿತು. ಡಿಕೋಡರ್ ಇಲ್ಲದ ಹಳೆಯ ಎಂಜಿನ್ನನ್ನು ಡಿಜಿಟಲ್ ಹಳಿಯ ಮೇಲಿಟ್ಟರೆ ಅದು ಗುಂಯ್‌ಗುಟ್ಟುತ್ತ ಬಿಸಿಯಾಗುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಮೋಟಾರ್ ಸುಟ್ಟೂ ಹೋಗಬಹುದು. ಮಗ ಕಂಡಿದ್ದು ಇದನ್ನೇ. ಆ ಗೃಹಸ್ಥರು ಮೇಲ್ಭಾಗವನ್ನು ಡಿಜಿಟಲ್‌ಗೆ ಬದಲಿಸಿ, ಕೆಳಭಾಗವನ್ನು ಅನಲಾಗ್ ಆಗಿಯೇ ಉಳಿಸಿಕೊಂಡಿದ್ದರು. ಮೇಲಿನ ರೈಲು ಕೆಳಗಿಳಿಯುವಾಗ ಮಾತ್ರ ಒಂದು ಸ್ವಿಚ್ಚಿನಿಂದ ಕೆಳಭಾಗವೂ ಡಿಜಿಟಲ್ ಆಗುವಂತೆ ಮಾಡಿಕೊಂಡಿದ್ದರು. ಕೊನೆಯ ಬಾರಿ ಆ ಸ್ವಿಚ್ ಡಿಜಿಟಲ್ ಕಡೆಗೇ ಉಳಿದಿತ್ತು.

ಮೇಲಿನ ತಿರುವಿನ ತೊಂದರೆಯ ಕಾರಣ ಇನ್ನೊಂದು. ಎರಡು ಹಳಿಗಳಲ್ಲಿ ವಿದ್ಯುತ್ ಹರಿಯುವ ವ್ಯವಸ್ಥೆಯಲ್ಲಿ ದಾರಿ ಸುತ್ತಿಕೊಂಡು ಬಂದು ಎದುರು ದಿಕ್ಕಿನಲ್ಲಿ ತನ್ನನ್ನೇ ಕೂಡಿದರೆ ಎಡಹಳಿ ಬಲಹಳಿಗೆ ತಾಗಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಅದನ್ನು ತಪ್ಪಿಸಲು ಆ ಸುತ್ತನ್ನು ಪ್ರತ್ಯೇಕಿಸಿ, ರೈಲು ಹೊರಬರುವ ಮೊದಲು ಧ್ರುವ ಬದಲಿಸಬೇಕು. ಅದಕ್ಕೂ ಒಂದು ಸ್ವಿಚ್ ಇತ್ತು. ಹಲಗೆಯ ಅಡಿಗೆ ಬಗ್ಗಿ ನೋಡಿದಾಗ ಪ್ರತಿ ತಂತಿಗೂ ಚೀಟಿ ಕಟ್ಟಿದ್ದುದು, ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದುದು ಕಾಣಿಸಿತು. ತಾನೊಬ್ಬನೇ ಬಳಸುವ ಲೇಔಟಿನಲ್ಲಿ ಇಷ್ಟು ಮಾಡುವವರು ಕಡಿಮೆ. ತಂತಿಯ ಬಣ್ಣ ನೆನಪಿನಲ್ಲಿದ್ದರೆ ಸಾಕಾಗುತ್ತದೆ.

ಹಳಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿದೆವು. ಕೆಳಭಾಗದ ಹಳಿ ಹಿತ್ತಾಳೆಯದು. ಹಿತ್ತಾಳೆಯ ಮೇಲೆ ಕಟ್ಟುವ ಕಿಲುಬು ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲವಾದ್ದರಿಂದ ಅಲ್ಲಿ ಹೆಚ್ಚು ಶ್ರಮ ಬೇಕಾಯಿತು. ಮರಳು ಕಾಗದ ಹಾಕಿ ಉಜ್ಜೋಣವೆಂದು ಮಗ ಹೇಳಿದಾಗ ತಡೆಯಬೇಕಾಯಿತು, ಅದರ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಆಮೇಲೆ ಎರಡೂ ಭಾಗಗಳಲ್ಲಿ ರೈಲು ಓಡಿತು.

ನಿಜವಾದ ತಿರುವು ಬಂದಿದ್ದು ಓಡಿದ ಮೇಲೆ, ಕೆಳಭಾಗದ ನಿಯಂತ್ರಣ ಫಲಕವನ್ನು ನೋಡುವಾಗ. ಅದರಲ್ಲಿ ವೇಗದ ಗುಂಡಿಗಳು ಎರಡಿದ್ದವು, ಒಂದು ಎಡತುದಿಯಲ್ಲಿ, ಇನ್ನೊಂದು ಬಲತುದಿಯಲ್ಲಿ. ಹಳಿಯನ್ನು ಆರು ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡನ್ನೂ ಎಡಗುಂಡಿಗೋ ಬಲಗುಂಡಿಗೋ ಕೊಡುವ ಸ್ವಿಚ್ಚುಗಳನ್ನು ಹಾಕಿದ್ದರು. ಅನಲಾಗ್ ಕಾಲದಲ್ಲಿ ಇಬ್ಬರು ಎರಡು ರೈಲುಗಳನ್ನು ಒಂದೇ ಹಳಿಜಾಲದಲ್ಲಿ ಓಡಿಸಲು ಬಳಸುತ್ತಿದ್ದ ವ್ಯವಸ್ಥೆ ಇದು. ಒಬ್ಬನೇ ಓಡಿಸುವುದಾದರೆ ಇಷ್ಟು ತಂತಿಯ ಕೆಲಸಕ್ಕೆ ಹೆಚ್ಚು ಅರ್ಥವಿಲ್ಲ. ಎರಡೂ ಗುಂಡಿಗಳು ಇದ್ದುದು ಹಲಗೆಯ ಅಂಚಿಗಿಂತ ಕೆಳಗೆ, ಆರೇಳು ವರ್ಷದ ಮಗುವಿನ ಕೈಗೆಟುಕುವ ಎತ್ತರದಲ್ಲಿ. ಮಗ ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, ಎಡಗುಂಡಿ ತನ್ನದು, ಬಲಗುಂಡಿ ತಂಗಿಯದು ಎಂದು ಹೇಳಿದ. ತಾವಿಬ್ಬರೂ ಎದುರುಬದುರು ನಿಂತು ರೈಲು ಬಿಟ್ಟಿದ್ದನ್ನು ಇಬ್ಬರೂ ಮರೆತಿದ್ದರು. ಮಕ್ಕಳು ಬೆಳೆದು ಮನೆ ಬಿಟ್ಟ ಮೇಲೆ ತಂದೆ ಮೇಲಿನ ಮಟ್ಟವನ್ನು ತಮ್ಮ ಎತ್ತರಕ್ಕೆ ಕಟ್ಟಿಕೊಂಡರು, ಹೊಸ ತಂತ್ರಜ್ಞಾನ ಹಾಕಿಕೊಂಡರು. ಆದರೆ ಕೆಳಭಾಗವನ್ನು ಮುಟ್ಟಲಿಲ್ಲ, 16 ಮೀಟರಿನ ಸುರುಳಿ ಕಟ್ಟಿ ಅದನ್ನು ಇದ್ದಂತೆಯೇ ಉಳಿಸಿಕೊಂಡರು. ಅವರ ಟಿಪ್ಪಣಿ ಪುಸ್ತಕದಲ್ಲಿ ಈ ಬಗ್ಗೆ ಇದ್ದುದು ಒಂದೇ ಸಾಲು: ಕೆಳಭಾಗ ಮಕ್ಕಳದ್ದು, ಬದಲಿಸುವುದಿಲ್ಲ.

ಕಾರ್ಡುಗಳ ಪೆಟ್ಟಿಗೆ

ಎರಡನೆಯ ಶೋಧ ಇಷ್ಟು ಸರಳವಾಗಿರಲಿಲ್ಲ, ಮತ್ತು ಈ ಪ್ರಕರಣದಲ್ಲಿ ಹೆಚ್ಚು ಎಚ್ಚರಿಕೆ ಬೇಡಿದ್ದು ಅದೇ.

ಮೇಲಿನ ಮಟ್ಟವನ್ನು ಅವರು ವೇಳಾಪಟ್ಟಿಯ ಪ್ರಕಾರ ನಡೆಸುತ್ತಿದ್ದರು. ರೈಲನ್ನು ಸುಮ್ಮನೆ ಸುತ್ತಿಸುವುದರ ಬದಲು ನಿಜವಾದ ರೈಲ್ವೆಯಂತೆ ಸರಕು, ಪ್ರಯಾಣಿಕರು, ಕ್ರಾಸಿಂಗ್, ಶಂಟಿಂಗ್ (ಬೋಗಿಗಳನ್ನು ಜೋಡಿಸಿ ಬಿಡಿಸುವುದು) ಎಲ್ಲವನ್ನೂ ಅನುಕ್ರಮವಾಗಿ ನಡೆಸುವ ರೂಢಿ ಇದು. ಲೇಔಟ್ ಒಂದು ರಂಗಸ್ಥಳ, ರೈಲುಗಳು ಪಾತ್ರಧಾರಿಗಳು ಎಂಬ ಕಲ್ಪನೆಯನ್ನು 1940ರ ದಶಕದಲ್ಲಿ ಅಮೆರಿಕದ ಫ್ರಾಂಕ್ ಎಲಿಸನ್ ಜನಪ್ರಿಯಗೊಳಿಸಿದರು. ಇದಕ್ಕಾಗಿ ವೇಗವಾಗಿ ಓಡುವ ಗಡಿಯಾರವೊಂದನ್ನು ಇಟ್ಟುಕೊಳ್ಳುತ್ತಾರೆ. ಇಲ್ಲಿದ್ದುದು ಹತ್ತು ನಿಮಿಷವನ್ನು ಒಂದು ಗಂಟೆಯಾಗಿ ತೋರಿಸುವಂಥದು. ಅದರ ಲೆಕ್ಕದಲ್ಲಿ ರೈಲ್ವೆಯ ಒಂದು ಇಡೀ ದಿನ ನಾಲ್ಕು ಗಂಟೆಗಳಲ್ಲಿ ಮುಗಿಯುತ್ತದೆ.

ಒಂದು ಪೆಟ್ಟಿಗೆಯಲ್ಲಿ ಈ ಓಡಾಟದ ಸೂಚನೆಗಳನ್ನು ಬರೆದ ಕಾರ್ಡುಗಳ ಎರಡು ಕಟ್ಟುಗಳಿದ್ದವು. ಒಂದರಲ್ಲಿ ಹವ್ಯಾಸಿಗಳಿಗೆ ಮಾತ್ರ ಅರ್ಥವಾಗುವ ಸಂಕ್ಷಿಪ್ತ ಸೂಚನೆಗಳು, ಬಳಸಿ ಬಳಸಿ ಅಂಚು ಸವೆದವು. ಇನ್ನೊಂದು ಯಾರ್ಡ್, ಅಂದರೆ ಬೋಗಿಗಳನ್ನು ನಿಲ್ಲಿಸಿ ಜೋಡಿಸುವ ಜಾಗವನ್ನು, ನೋಡಿಕೊಳ್ಳುವವರ ಕಟ್ಟು. ಅದರಲ್ಲಿ ಪ್ರತಿ ಹೆಜ್ಜೆಯನ್ನೂ ಪೂರ್ಣ ವಾಕ್ಯಗಳಲ್ಲಿ, ಈ ವಿಷಯ ಏನೂ ತಿಳಿಯದವರಿಗೂ ಅರ್ಥವಾಗುವಂತೆ ಬರೆದಿದ್ದರು: ಮೂರನೆಯ ಪಾಯಿಂಟನ್ನು (ಹಳಿಯ ದಾರಿ ಬದಲಿಸುವ ಸನ್ನೆ) ನಿಮ್ಮ ಕಡೆಗೆ ಎಳೆಯಿರಿ, ಹಸಿರು ಬೋಗಿ ನಿಂತ ಮೇಲೆ ಗುಂಡಿ ಒತ್ತಿ, ಅವಸರವೇನಿಲ್ಲ. ಆ ಕಾರ್ಡುಗಳು ಹೊಸದಾಗಿಯೇ ಇದ್ದವು. ಮೇಲಿದ್ದ ದಿನಾಂಕ ಮಗಳು ಮನೆಬಿಟ್ಟ ವರ್ಷದ ನಂತರದ್ದು.

ಮಗಳು ತಕ್ಷಣ ಅವನ್ನು ತಾಯಿಯ ಕೈಗೆ ಕೊಟ್ಟು, ಇವು ನಿನಗಾಗಿ ಬರೆದವು ಎಂದಳು. ತಾಯಿ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದಿದರು. ಓದಿ, “ಕೇಳಬಹುದಿತ್ತಲ್ಲ” ಎಂದರು. ಆ ಮಾತಿನಲ್ಲಿ ಮೆಚ್ಚುಗೆಯಿರಲಿಲ್ಲ. ಪಕ್ಕದ ಕೋಣೆಯಲ್ಲಿದ್ದ ತಮ್ಮನ್ನು ಕರೆಯದೆ ಇಷ್ಟೆಲ್ಲ ಬರೆದಿಟ್ಟರಲ್ಲ ಎಂಬ ನೋವೇ ಅದರಲ್ಲಿ ಹೆಚ್ಚಿತ್ತು.

ಕಾರ್ಡುಗಳ ಮೇಲೆ ಯಾರ ಹೆಸರೂ ಇರಲಿಲ್ಲವೆಂಬುದನ್ನು ನಾನು ಆಗಲೇ ಹೇಳಿದೆ. ಅವು ಪತ್ನಿಗಾಗಿ ಇರಬಹುದು, ರಜೆಗೆ ಬರುವ ಮಗಳಿಗಾಗಿ ಇರಬಹುದು, ಎಂದಾದರೂ ಬರಬಹುದಾದ ಯಾವನೋ ಸ್ನೇಹಿತನಿಗಾಗಿಯೂ ಇರಬಹುದು. ತಿಳಿದಿರುವುದು ಇಷ್ಟೇ: ಮಕ್ಕಳು ಹೋದ ಮೇಲೆ ಆ ಕೋಣೆಯಲ್ಲಿ ಇನ್ನೊಬ್ಬರಿಗೆ ಅವರು ಜಾಗ ಮಾಡಿಟ್ಟಿದ್ದರು, ಆ ಇನ್ನೊಬ್ಬರು ಬರಲಿಲ್ಲ. ಸತ್ತವರ ಮೌನವನ್ನು ನಮಗೆ ಬೇಕಾದ ಮಾತುಗಳಿಂದ ತುಂಬುವುದು ಸುಲಭ, ಪ್ರೀತಿಯಿಂದಲೇ ತುಂಬುತ್ತೇವೆ ಕೂಡ. ಆದರೆ ಹಾಗೆ ತುಂಬಿದ ಮೇಲೆ ಅವರ ಬದುಕಿನ ಜಾಗದಲ್ಲಿ ನಮ್ಮ ಆಸೆ ಬಂದು ಕೂರುತ್ತದೆ. ಮಗಳಿಗೆ ಇದು ಮೊದಲು ಹಿಡಿಸಲಿಲ್ಲ. ತಾಯಿಯೇ ನನ್ನ ಮಾತನ್ನು ಬೆಂಬಲಿಸಿದರು.

ನಿರ್ಧಾರ ಮತ್ತು ಪರಿಣಾಮ

ಇದಾದ ಮೇಲೆ ಮೂವರೂ ಒಂದು ಅನುಕ್ರಮಕ್ಕೆ ಒಪ್ಪಿದರು: ಮೊದಲು ದಾಖಲಿಸುವುದು, ಆಮೇಲೆ ಒಮ್ಮೆ ಅವರ ವೇಳಾಪಟ್ಟಿಯಂತೆಯೇ ನಡೆಸುವುದು, ಕೊನೆಗೆ ಬಿಚ್ಚುವುದು. ಇಡಿಯಾಗಿ ಉಳಿಸುವ ಆಸೆಯನ್ನು ಬಿಡಲು ಮಗಳಿಗೆ ನೆರವಾದದ್ದು ಈ ಹವ್ಯಾಸದ ಇತಿಹಾಸದಲ್ಲಿರುವ ಎರಡು ಘಟನೆಗಳು. ಇಂಗ್ಲೆಂಡಿನ ಜಾನ್ ಅಹರ್ನ್ ಕಟ್ಟಿದ ಮ್ಯಾಡರ್ ವ್ಯಾಲಿ ಲೇಔಟ್ ಇಂದಿಗೂ ಪೆಂಡನ್ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಅಂಥ ಸಂಸ್ಥೆಯ ಆಶ್ರಯ ಸಿಗುವುದು ತೀರಾ ಅಪರೂಪ. ಕ್ಯಾಲಿಫೋರ್ನಿಯಾದ ಜಾನ್ ಆಲನ್ 1973ರ ಜನವರಿಯಲ್ಲಿ ತೀರಿಕೊಂಡರು, ಕೆಲವೇ ದಿನಗಳಲ್ಲಿ ಅವರ ಪ್ರಸಿದ್ಧ ಲೇಔಟಿನ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಆದರೂ ಅದು ಇಂದಿಗೂ ಹವ್ಯಾಸಿಗಳ ನೆನಪಿನಲ್ಲಿರಲು ಕಾರಣ, ಛಾಯಾಗ್ರಾಹಕರೂ ಆಗಿದ್ದ ಆಲನ್ ಅದನ್ನು ವರ್ಷಗಟ್ಟಲೆ ಚಿತ್ರಗಳಲ್ಲಿ ಹಿಡಿದಿಟ್ಟಿದ್ದು. ವಸ್ತು ಹೋದರೂ ದಾಖಲೆ ಉಳಿದರೆ ಬಹಳಷ್ಟು ಉಳಿಯುತ್ತದೆ ಎಂಬುದು ಅವಳಿಗೆ ಮನದಟ್ಟಾಯಿತು.

ದಾಖಲೆ ಎಂದರೆ ಚಂದದ ಫೋಟೋ ಮಾತ್ರವಲ್ಲ. ಹಳಿಯ ಮಟ್ಟದಿಂದ, ಅಂದರೆ ಸಣ್ಣ ಪ್ರಯಾಣಿಕನ ಕಣ್ಣಿನ ಎತ್ತರದಿಂದ ಚಿತ್ರಗಳನ್ನು ತೆಗೆದೆವು. ಹಲಗೆಯ ಅಡಿಯ ತಂತಿಗಳನ್ನು ಚೀಟಿಗಳು ಓದಲು ಬರುವಂತೆ ತೆಗೆದೆವು. ಟಿಪ್ಪಣಿ ಪುಸ್ತಕ ಮತ್ತು ಕಾರ್ಡುಗಳನ್ನು ಪೂರ್ತಿ ಸ್ಕ್ಯಾನ್ ಮಾಡಿದೆವು. ಅಳತೆ ಹಾಕಿ ನಕ್ಷೆ ಬರೆದೆವು. ಆಮೇಲೆ ಒಂದು ಭಾನುವಾರ ವೇಗದ ಗಡಿಯಾರವನ್ನು ಚಾಲೂ ಮಾಡಿ ಪೂರ್ಣ ದಿನದ ವೇಳಾಪಟ್ಟಿಯನ್ನು ನಡೆಸಿ, ವಿಡಿಯೊ ಮಾಡಿಕೊಂಡೆವು. ಮುಖ್ಯ ಮಾರ್ಗವನ್ನು ಅವರ ಹಳೆಯ ಹವ್ಯಾಸಿ ಗೆಳೆಯರೊಬ್ಬರು ನೋಡಿಕೊಂಡರು, ಕೆಳಗಿನ ಎರಡು ಗುಂಡಿಗಳನ್ನು ಮಕ್ಕಳಿಬ್ಬರು. ಯಾರ್ಡಿನ ಕಾರ್ಡುಗಳನ್ನು ತಾಯಿ ತೆಗೆದುಕೊಂಡರು. ಮೊದಲ ಕಾರ್ಡುಗಳಲ್ಲಿ ತಡವಾಯಿತು, ಎರಡು ಬಾರಿ ಬೋಗಿ ಹಳಿತಪ್ಪಿತು. ನಡುವಿನಿಂದ ಮುಂದಕ್ಕೆ ಅವರು ಯಾರನ್ನೂ ಕೇಳದೆ ಕೆಲಸ ನಡೆಸಿದರು. ಸೂಚನೆಗಳು ಅಷ್ಟು ಸ್ಪಷ್ಟವಾಗಿದ್ದವು.

ಉಳಿದದ್ದನ್ನು ಚಿಕ್ಕದಾಗಿ ಹೇಳಬಹುದು. ಎಂಜಿನ್‌ಗಳನ್ನು ವ್ಯಾಪಾರಿಗೆ ಸಗಟಾಗಿ ಕೊಡದೆ, ಓಡುವ ಸ್ಥಿತಿಯನ್ನು ತೋರಿಸಿ ಹವ್ಯಾಸಿಗಳಿಗೆ ಬಿಡಿಬಿಡಿಯಾಗಿ ಮಾರಲಾಯಿತು. ಸಮಯ ಹೆಚ್ಚು ಹಿಡಿಯಿತು, ಹಣವೂ ಹೆಚ್ಚು ಬಂತು. ಮೇಲಿನ ಮಟ್ಟವನ್ನು ಬಿಚ್ಚಿ, ಕಟ್ಟಡ ಮತ್ತು ಸಿಗ್ನಲ್‌ಗಳನ್ನು ಹವ್ಯಾಸಿಗಳ ಕೂಟವೊಂದಕ್ಕೆ ಕೊಟ್ಟರು. ಕೆಳಭಾಗದ ಹಳಿಗಳನ್ನು ಹಲಗೆಗಳ ಸೇರುವೆಯಲ್ಲಿ ತೆಳುವಾದ ಡಿಸ್ಕಿನಿಂದ ಕತ್ತರಿಸಿ, ತಂತಿಗಳನ್ನು ಕತ್ತರಿಸುವ ಮೊದಲು ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಕಟ್ಟಿ, ನಾಲ್ಕು ತುಂಡುಗಳಾಗಿ ಸಾಗಿಸಿದೆವು. ಅದು ಈಗ ಮಗನ ಮನೆಯಲ್ಲಿದೆ, ತಾಯಿಯೂ ಅಲ್ಲಿಯೇ ಇದ್ದಾರೆ. ಸುರುಳಿ ಯಾರಿಗೂ ಬೇಕಾಗಲಿಲ್ಲ. ಅಷ್ಟು ಶ್ರಮದ ಆ ಕೆಲಸವನ್ನು ಮುರಿದು ಹಾಕಬೇಕಾಗಿ ಬಂದದ್ದು ನನಗೆ ಈಗಲೂ ಸಂಕಟದ ವಿಷಯ.

ಇಂಥ ಪರಿಸ್ಥಿತಿಯಲ್ಲಿರುವ ಇತರರಿಗೆ ಇದರಿಂದ ತೆಗೆದುಕೊಳ್ಳಬಹುದಾದದ್ದು ಹಲವು ಇವೆ. ಹಿಂದೆಗೆಯಲಾಗದ ನಿರ್ಧಾರವನ್ನು, ಅಂದರೆ ಬಿಚ್ಚುವುದನ್ನು ಮತ್ತು ಸಗಟು ಮಾರಾಟವನ್ನು, ಒಮ್ಮೆ ಓಡಿಸಿ ನೋಡುವವರೆಗೆ ಮುಂದೂಡಬೇಕು. ಓಡಿಸಲು ವಿಷಯ ತಿಳಿದವರನ್ನೇ ಕರೆಯಬೇಕು. ಇಲ್ಲಿ ಹಾಳಾದಂತೆ ಕಂಡದ್ದೆಲ್ಲ ಎರಡು ಸ್ವಿಚ್ಚುಗಳ ಸ್ಥಾನ ಮತ್ತು ಹಳಿಯ ಮೇಲಿನ ಕೊಳೆಯಷ್ಟೇ ಆಗಿತ್ತು. ಬದುಕಿರುವ ಹವ್ಯಾಸಿಗಳಿಗೆ ನನ್ನ ವಿನಂತಿ, ಲೇಔಟನ್ನು ಚಾಲೂ ಮಾಡುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ; ಮತ್ತು ಇನ್ನೊಬ್ಬರಿಗೆಂದು ಕಾರ್ಡು ಬರೆದಿದ್ದರೆ, ಆ ಇನ್ನೊಬ್ಬರನ್ನು ಕರೆಯಿರಿ.

ಕಿರುಪುಸ್ತಿಕೆ ಹೊಸದಾಗಿ ಬರೆಯಲ್ಪಟ್ಟಿತು. ಶಾಂತ ಸ್ವಭಾವದವರು ಎಂಬ ವಾಕ್ಯವನ್ನು ತೆಗೆದು, ಎರಡು ಗುಂಡಿಗಳ ಎತ್ತರ, ಚೀಟಿ ಕಟ್ಟಿದ ತಂತಿಗಳು, ಕಾರ್ಡುಗಳ ಎರಡು ಕಟ್ಟುಗಳು, ಇವುಗಳ ವಿವರವನ್ನು ಕೊಟ್ಟರು. ತಾಯಿ ತಮ್ಮ ಪುಟದಲ್ಲಿ, ಆ ಕೋಣೆಯ ಬಾಗಿಲ ಹೊರಗೆ ತಾವು ಒಂಟಿಯಾಗಿ ಕಳೆದ ಸಂಜೆಗಳ ಬಗ್ಗೆಯೂ ಬರೆದಿದ್ದರು. ನೆನಪಿನ ಪುಸ್ತಕದಲ್ಲಿ ಅದು ಬೇಡವೆಂದು ಮಗ ಹೇಳಿದ, ಅಪ್ಪನನ್ನು ದೂರಿದಂತಾಗುತ್ತದೆ ಎಂಬುದು ಅವನ ಆತಂಕ. ತಾಯಿ ಒಪ್ಪಲಿಲ್ಲ, ಮಗಳೂ ಈ ಬಾರಿ ತಾಯಿಯ ಪರವಾಗಿ ನಿಂತಳು. ಆ ಪುಟ ಒಂದಕ್ಷರವೂ ಬದಲಾಗದೆ ಅಚ್ಚಾಯಿತು. ಎದುರಿನ ಪುಟದಲ್ಲಿ ಯಾರ್ಡಿನ ಕಾರ್ಡುಗಳಲ್ಲೊಂದರ ಚಿತ್ರವಿದೆ, ಯಾರಿಗಾಗಿ ಬರೆದದ್ದೆಂಬ ವಿವರಣೆಯನ್ನು ಅದರ ಕೆಳಗೆ ಹಾಕಿಲ್ಲ.